ಬಾಣಂತಿಗೊಂದು ಬೆಚ್ಚನೆಯ ಕಾರು

"ನಿನ್ ಕಾರಿಗೇ ಶೀತ ಆಗೈತಲ್ಲೋ ಮಾರಾಯ! ಇದ್ರಾಗೆ ನನ್ ಮೊಮ್ಮಗಳನ್ನ ಕರ್ಕಂಡು ಹೋಗಾದಿಲ್ಲ."

ಇಷ್ಟು ಹೇಳಿ ನಮ್ಮಕ್ಕ ಕಾರಿನಿಂದ ಇಳಿದು, ಬಾಗಿಲನ್ನು ಧಡಾರನೆ ಹಾಕಿ, ನಮ್ಮ ಮನೆ ಜಗಲಿಯ ಮೇಲೆ ಕೂತುಬಿಟ್ಟಳು. ಕಳೆದ ಸೋಮವಾರ ಬೆಳಿಗ್ಗೆಯ ಮಾತು. ಪುಷ್ಯದ ಚಳಿ. ಶಿಕಾರಿಪುರದಲ್ಲಿ ನಾಯಿಗಳು ಕೂಡ ಬೊಗಳಲು ಬಿಸಿಲಿಗೆ ಕಾಯುತ್ತಿದ್ದವು.

ಅಕ್ಕನ ಊರು ಸೊರಬ. ಅವಳ ಮಗಳು ಶಾಂತಾ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡು, ಇಲ್ಲಿಯ ಆಸ್ಪತ್ರೆಗೆ ಕರೆತಂದು, ಅಂತೂ ಹೆಣ್ಣುಮಗು ಹುಟ್ಟಿತು. ಮಗುವೆಂದರೆ ಮಗುವೇ? ಒಂದು ಸೌತೆಕಾಯಿಯಷ್ಟಿದೆ. "ಮನೆಗೆ ಕರೆದುಕೊಂಡು ಹೋಗಿ, ಆದರೆ ಚಳಿ ಮಾತ್ರ ತಾಗಬಾರದು" ಎಂದರು ಡಾಕ್ಟರು. ಆಸ್ಪತ್ರೆಯಲ್ಲಿ ಮಂಚದ ಕೆಳಗೆ ಕೆಂಡ ಇಡಲು ಬಿಡುವುದಿಲ್ಲ. ಸೊರಬದಲ್ಲಿ ಬಾಣಂತಿ ಕೋಣೆ ತಯಾರಾಗಿ, ಕೆಂಡ ಉರಿಯುತ್ತಾ ಕೂತಿದೆ. ನಡುವೆ ಇರುವುದು ರಸ್ತೆ. ಬಸ್ಸಿಗೆ ಕಿಟಕಿ ಇದೆ, ಅದಕ್ಕೆ ಪರದೆ ಇಲ್ಲ.

ಹೀಗಾಗಿ ಸೋದರಮಾವನ ಕಾರು. (ಅದು ನನ್ನದೆಂದು ಹೆಸರಿಗೆ ಮಾತ್ರ. ನಮ್ಮ ಬೀದಿಯಲ್ಲಿ ಅದರಲ್ಲಿ ಕೂರದೆ ಮದುವೆಯಾದವರಿಲ್ಲ.) ಕಾಫಿ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಡುವಾಗ ಮಾರಿದ್ದು. ಡ್ಯಾಶ್‌ಬೋರ್ಡಿನ ಕೆಳಗೆ ಒಂದು ದುಂಡು ಡಬ್ಬಿ ತೂಗುತ್ತದೆ. ಅದಕ್ಕೆ ಎರಡು ಪುಟ್ಟ ಬಾಗಿಲು. ಅದೇ ಹೀಟರ್. ಅದರ ಮಹಿಮೆಯನ್ನು ನಾನು ಊರೆಲ್ಲ ಸಾರಿದ್ದೆ. ಅಕ್ಕ ನಂಬಿದ್ದಳು. ಈಗ ಆ ಬಾಗಿಲಿಗೆ ಅಂಗೈ ಹಿಡಿದರೆ ತಣ್ಣನೆ ಗಾಳಿ.

ಕಾರು ಕೆಟ್ಟರೆ ನಮ್ಮಲ್ಲಿ ಜನಕ್ಕೆ ಬರವೇ?

"ಬ್ಯಾಟ್ರಿ ವೀಕ್ ಆಗೇತಿ ಬಿಡ್ರೀ ವಕೀಲ್ರೇ" ಎಂದರು ಪಕ್ಕದ ಮನೆಯ ಮುರಿಗೆಪ್ಪನವರು. ಅವರದು ಭತ್ತದ ವ್ಯಾಪಾರ. ಹಾದುಹೋಗುತ್ತಿದ್ದವರೊಬ್ಬರು, ಹೀಟರಿಗೆ ಬೇರೆಯೇ ಎಣ್ಣೆ ಹಾಕಬೇಕು ಎಂದು ಅಡ್ವೈಸ್ ಕೊಟ್ಟು ಮುಂದೆ ನಡೆದರು. ನನ್ನ ಹೆಂಡತಿ ಪಾರ್ವತಿ ಮಾತ್ರ, "ಒಲೆ ಹೊತ್ತಿಸಿದ ತಕ್ಷಣ ಹಂಡೆ ಕಾಯ್ತದೇನ್ರೀ? ಒಂದು ಸುತ್ತು ಹೊಡ್ಕೊಂಡು ಬನ್ನಿ" ಎಂದಳು. ಪಾಯಿಂಟ್ ಇತ್ತು. ತಾಳಗುಂದದ ದಾರಿಯಲ್ಲಿ ಒಂದಷ್ಟು ದೂರ ಹೋಗಿ ಬಂದೆ. ಎಂಜಿನ್ ಮುಟ್ಟಿದರೆ ಕೈ ಸುಡುತ್ತಿತ್ತು. ಹೀಟರ್ ಹಾಗೆಯೇ ಇತ್ತು.

ಮೆಕ್ಯಾನಿಕ್ ಘೌಸ್ ಸಾಬರನ್ನು ಕರೆಸಿದ್ದಾಯಿತು. ಈ ಹೀಟರಿನಲ್ಲಿ ಬೆಂಕಿ ಗಿಂಕಿ ಏನೂ ಇಲ್ಲ. ಎಂಜಿನ್ ಸುತ್ತಿ ಕಾದ ನೀರು ಒಂದು ರಬ್ಬರ್ ಪೈಪಿನಲ್ಲಿ ಡಬ್ಬಿಯೊಳಕ್ಕೆ ಬಂದು, ಸಣ್ಣ ಸಣ್ಣ ಕೊಳವೆಗಳಲ್ಲಿ ಹರಿದು, ಇನ್ನೊಂದು ಪೈಪಿನಲ್ಲಿ ವಾಪಸು ಹೋಗುತ್ತದೆ. ಹಿಂದಿನ ಫ್ಯಾನು ಆ ಕಾವನ್ನು ನಮ್ಮ ಕಡೆ ಊದುತ್ತದೆ. ಸಾಬರು ನೀರು ನೋಡಿದರು, ತುಂಬಿತ್ತು. ಪೈಪಿಗೆ ನೀರು ಬಿಡುವ ನಲ್ಲಿ ನೋಡಿದರು, ತೆರೆದಿತ್ತು. ಫ್ಯಾನು ತಿರುಗುತ್ತಲೇ ಇತ್ತು. ಅವರು ತಲೆ ಕೆರೆದುಕೊಂಡರು. ನನಗೆ ಆಗಲೇ ಸೊಂಟ ನೋಯುತ್ತಿತ್ತು, ಸುಮ್ಮನೆ ಆಸರೆಗೆಂದು ಎರಡು ಪೈಪುಗಳನ್ನೂ ಹಿಡಿದುಕೊಂಡೆ. ಬಲಗೈ ಸುಟ್ಟಿತು. ಎಡಗೈಗೆ ಚಳಿಯಾಯಿತು. ಹಾಗೆಂದೆ.

"ಹಂಗಾದ್ರೆ ನಡುವೆ ಏನೋ ಕೂತೈತೆ ಸ್ವಾಮಿ" ಎಂದು ಸಾಬರು ಪೈಪು ಕಿತ್ತರು. ಒಳಗಿಂದ ಹಳದಿ ಮುದ್ದೆ ಪಚಕ್ಕನೆ ಹೊರಗೆ ಬಿತ್ತು. ಪಾರ್ವತಿ ಬಗ್ಗಿ ಮೂಸಿ ನೋಡಿದಳು.

"ಅಯ್ಯೋ, ಅರಿಶಿನ!"

ಮೊದಲು ಬಾಯಿ ಬಿಟ್ಟವರು ಮುರಿಗೆಪ್ಪನವರು. "ಮಗಂಗೆ ಹೆಣ್ಣು ನೋಡಾಕ ನಿಮ್ ಕಾರಾಗ ಹೋದಾಗ ಬಳ್ಳಿಗಾವಿ ಹತ್ರ ರೇಡಿಯೇಟರ್ ಸೋರಾಕ ಹತ್ತಿತ್ರೀ. ಒಂದ್ ಹಿಡಿ ಅರಿಶಿನ ಹಾಕಿದ್ವಿ. ಟಕ್ಕಂತ ನಿಂತ್ತು."

"ನಾನೂ ಹಾಕಿದ್ದೆ ಸ್ವಾಮಿ, ಬೇಸಿಗೇಲಿ. ತೂತು ಸಣ್ಣದಿತ್ತು" ಎಂದರು ಘೌಸ್ ಸಾಬರು.

ನಾನು ಪಾರ್ವತಿಯ ಮುಖ ನೋಡಿದೆ. "ಆಯುಧ ಪೂಜೆ ದಿನ ಹನಿ ಹನಿ ತೊಟ್ಟಿಕ್ತಿತ್ತು ರೀ. ಗಾಯಕ್ಕೆ ಹಚ್ಚಲ್ವಾ? ಹಂಗೇ ಅಂದ್ಕೊಂಡೆ."

ಸೋರುವ ರೇಡಿಯೇಟರಿಗೆ ಅರಿಶಿನ ನಮ್ಮ ಕಡೆಯ ಮನೆಮದ್ದು, ಅದರಲ್ಲಿ ತಪ್ಪಿಲ್ಲ. ಆದರೆ ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ; ಎಲ್ಲವೂ ನೀರಿನ ಜೊತೆ ಸುತ್ತಿ ಹೀಟರಿನ ಕೊಳವೆಗಳಲ್ಲಿ ಕೂತಿತ್ತು. ನಾವು ಉಪಕಾರ ಮಾಡುವುದೇ ಹೀಗಲ್ಲವೇ? ಜ್ವರ ಬಂದವನಿಗೆ ಅತ್ತೆ ಒಂದು ಕಷಾಯ, ನೆರೆಮನೆಯಾಕೆ ಇನ್ನೊಂದು, ಕೇಸಿನ ಕಕ್ಷಿಗಾರ ತಂದುಕೊಟ್ಟ ಲೇಹ್ಯ ಮತ್ತೊಂದು. ಯಾರಿಗೂ ಬೇಡ ಎನ್ನುವಂತಿಲ್ಲ. ಎಲ್ಲವನ್ನೂ ಕುಡಿದು ರೋಗಿ ಮಲಗುತ್ತಾನೆ. ನನ್ನ ಕಾರೂ ಪಾಪ, ಕೊಟ್ಟಿದ್ದನ್ನೆಲ್ಲ ಕುಡಿದಿತ್ತು.

ಸಾಬರು ವಾಪಸು ಹೋಗುವ ಪೈಪಿನಿಂದ ಹಿಮ್ಮುಖವಾಗಿ ನೀರು ಬಿಟ್ಟು ತೊಳೆದರು. ಸಂಕೋಚಕ್ಕೋ ಏನೋ, ಯಾರೂ ಹೇಳದಿದ್ದರೂ ರೇಡಿಯೇಟರನ್ನೂ ಚೊಕ್ಕವಾಗಿ ತೊಳೆದರು. ಹೀಟರ್ ಬಿಸಿ ಉಸಿರು ಬಿಟ್ಟಿತು. ಅಕ್ಕ ಅಂಗೈ ಹಿಡಿದು ನೋಡಿ, "ಈಗ ಮನೆ ಕಂಡಂಗಾತು" ಎಂದಳು.

ಆಸ್ಪತ್ರೆಯಿಂದ ಶಾಂತಾಳನ್ನೂ ಮಗುವನ್ನೂ ಕರೆದುಕೊಂಡು ಹೊರಟೆವು. ಶಾಂತಾಳ ಕಿವಿಗೆ ಉಣ್ಣೆಯ ಬಟ್ಟೆ, ಮಗುವಿಗೆ ಸುತ್ತಿದ ಬಟ್ಟೆಗೆ ಲೆಕ್ಕವಿಲ್ಲ. ಕಾರು ಬೆಚ್ಚಗಿತ್ತು. ಶಿರಾಳಕೊಪ್ಪದವರೆಗೂ ನಾನು ಮಹಾರಾಜನಂತೆ ಓಡಿಸಿದೆ.

ಶಿರಾಳಕೊಪ್ಪ ದಾಟಿ ಸ್ವಲ್ಪ ದೂರ ಹೋದಮೇಲೆ ಬಾನೆಟ್ಟಿನಿಂದ ಹಬೆ. ಇಳಿದು ನೋಡಿದರೆ ರೇಡಿಯೇಟರಿನ ಬುಡದಿಂದ ನೀರು ಸುರಿಯುತ್ತಿದೆ. ಅರಿಶಿನ ಹೋಗಿತ್ತು, ಅದರ ಜೊತೆಗೆ ಅದು ಮುಚ್ಚಿಟ್ಟಿದ್ದ ತೂತುಗಳೂ ಬಾಯಿ ತೆರೆದಿದ್ದವು. ಎರಡೂ ಕಡೆ ಕೊಯ್ಲಾದ ಗದ್ದೆ, ಒಂದು ಮನೆಯಿಲ್ಲ, ಮೂಡಗಾಳಿ ಬೀಸುತ್ತಿದೆ. ಎಂಜಿನ್ ನಿಂತಿದ್ದರಿಂದ ಒಳಗಿನ ಕಾವೂ ಇಳಿಯುತ್ತಾ ಬಂತು. ಮಗು ಸಣ್ಣಗೆ ಅಳತೊಡಗಿತು. ಆಮೇಲೆ ಅಳುವುದನ್ನು ನಿಲ್ಲಿಸಿತು. ನನಗೆ ಭಯವಾಯಿತು. ಅಷ್ಟು ಭಯ ನನಗೆ ಯಾವ ಕೋರ್ಟಿನಲ್ಲೂ ಆದದ್ದಿಲ್ಲ.

ಗದ್ದೆ ಕಾಲುವೆಯಿಂದ ನೀರು ತಂದೆ. ಹಾಕಿದಷ್ಟೂ ಸೋರಿಹೋಗುತ್ತದೆ. ಅಷ್ಟರಲ್ಲಿ ಅಕ್ಕ ಕಿಟಕಿ ಒಂದಿಷ್ಟೇ ಇಳಿಸಿ, ಬಾಣಂತಿ ಸ್ನಾನಕ್ಕೆಂದು ಕಟ್ಟಿಟ್ಟ ಅರಿಶಿನದ ಪೊಟ್ಟಣ ಚಾಚಿದಳು.

"ತಗೋ, ಹಾಕು."

"ಅಕ್ಕಾ, ಮತ್ತೆ ಹೀಟರ್ ಕಟ್ಟಿಕೊಳ್ತದೆ!"

"ಕಟ್ಕಳ್ಳಲಿ ಬಿಡಾ. ನೀ ಕಾರು ನಡ್ಸು. ಕಾವು ನಾ ಕೊಡ್ತೀನಿ."

ಮುಚ್ಚಳ ತೆಗೆದು ಪೊಟ್ಟಣವನ್ನು ಪೂರ್ತಿ ಸುರಿದು, ಮತ್ತೆ ನೀರು ಹಾಕಿದೆ. ಸುರಿಯುತ್ತಿದ್ದದ್ದು ತೊಟ್ಟಿಕ್ಕತೊಡಗಿತು, ಆಮೇಲೆ ಅದೂ ನಿಂತಿತು. ನಾನು ಒಳಗೆ ಬರುವಷ್ಟರಲ್ಲಿ ಅಕ್ಕ ಮಗುವಿನ ಬಟ್ಟೆಯನ್ನೆಲ್ಲ ಬಿಚ್ಚಿ, ತನ್ನ ಕುಪ್ಪಸದೊಳಗೆ ಎದೆಗೆ ಅವುಚಿಕೊಂಡು, ಮೇಲೆ ಸೆರಗು, ಅದರ ಮೇಲೆ ಕಂಬಳಿ ಹೊದ್ದು ಕೂತಿದ್ದಳು. ಮಗು ಇದೆ ಎಂದು ಗೊತ್ತಾಗುತ್ತಿದ್ದದ್ದು ಕಂಬಳಿಯ ಸಣ್ಣ ಅಲುಗಾಟದಿಂದ ಮಾತ್ರ. ಶಾಂತಾ ಅದರ ಮೇಲೆ ಕಣ್ಣಿಟ್ಟೇ ಬಂದಳು. ನಾನು ಮೆಲ್ಲಗೆ ಓಡಿಸಿದೆ. ಹೀಟರ್ ಮೊದಲು ಉಗುರುಬೆಚ್ಚಗಾಯಿತು, ಸೊರಬ ಬರುವ ಹೊತ್ತಿಗೆ ಪೂರ್ತಿ ತಣ್ಣಗಾಗಿತ್ತು. ಅಕ್ಕನ ಹಣೆಯಲ್ಲಿ ಬೆವರಿತ್ತು.

ಮನೆಯ ಮುಂದೆ ಕಂಬಳಿ ಸರಿಸಿದಾಗ ಮಗು ಕೆಂಪಗೆ, ಬಾಯಿ ತೆರೆದು ನಿದ್ದೆ ಮಾಡುತ್ತಿತ್ತು. ನಾನು ಅಲ್ಲೇ ಕಾರಿನ ಮೆಟ್ಟಿಲ ಮೇಲೆ ಕೂತು, ಯಾರೋ ತಂದುಕೊಟ್ಟ ಕಾಫಿ ಕುಡಿದೆ. ರೇಡಿಯೇಟರಿಗೆ ಶಿವಮೊಗ್ಗದಲ್ಲಿ ಬೆಸುಗೆ ಹಾಕಿಸಬೇಕಂತೆ. ಹಾಕಿಸೋಣ, ಬೇಸಿಗೆ ಬರಲಿ.

ಅಲ್ಲ, ಬೆಳಗಿನಿಂದ ಇಡೀ ಬೀದಿ ಸೇರಿ ಕಾರನ್ನು ಬೆಚ್ಚಗೆ ಮಾಡಲು ಒದ್ದಾಡಿದೆವಲ್ಲ, ಬೆಚ್ಚಗಿರಬೇಕಾದದ್ದು ಮಗು ಎಂಬುದು ಅಕ್ಕನಿಗಾದರೂ ಜಗಲಿಯ ಮೇಲೆ ಕೂತಾಗಲೇ ಯಾಕೆ ಹೊಳೆಯಲಿಲ್ಲ?