ಹನ್ನೊಂದನೇ ಬೆಡ್ಡಿನ ಸಂಚಿ

ಬೆಳಗಿನ ಆರೂ ಮುಕ್ಕಾಲು. ಸಾಗರ ಪೇಟೆಯ ಒಂದು ಆಸ್ಪತ್ರೆಯ ಮೊದಲ ಮಹಡಿ. ನೀಲಿ ಸಮವಸ್ತ್ರದ ಹೆಂಗಸೊಬ್ಬರು ಸ್ಟೀಲ್ ಟ್ರೇಯೊಂದನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಾರೆ. ಒರೆಸಿದ ಮೇಲೆ ಪಕ್ಕದ ರಾಶಿಯಿಂದ ಒಂದೊಂದನ್ನೇ ಎತ್ತಿ ಅದರೊಳಗೆ ಜೋಡಿಸುತ್ತಾರೆ. ಎಲೆಅಡಿಕೆಯ ಮೂರು ಬಟ್ಟೆ ಸಂಚಿ, ಒಂದು ತಗಡಿನ ಡಬ್ಬಿ, ಜಿಪ್ಪು ಕೆಟ್ಟ ಪರ್ಸು, ಗಂಟು ಹಾಕಿದ ಪ್ಲಾಸ್ಟಿಕ್ ಕವರು. ಎಲ್ಲದರ ಮೇಲೂ ಗಾಯಕ್ಕೆ ಹಚ್ಚುವ ಬಿಳಿ ಅಂಟುಪಟ್ಟಿಯ ತುಂಡು, ತುಂಡಿನ ಮೇಲೆ ಬೆಡ್ಡಿನ ನಂಬರು. ಅಂಟು ಬಿಟ್ಟಲ್ಲಿ ಹೊಸ ಪಟ್ಟಿ ಹಚ್ಚುತ್ತಾರೆ. ಸಂಚಿ ಬಿಚ್ಚಿ, ಬಾಡಿ ಕಪ್ಪಾದ ವೀಳ್ಯದೆಲೆಯನ್ನು ಆರಿಸಿ ಎಸೆಯುತ್ತಾರೆ. ರಾತ್ರಿ ಪಾಳಿಯ ನರ್ಸ್ ಸ್ವಪ್ನಾ ಎದುರಿಗೇ ಕೂತು ಕೇಸ್ ಶೀಟ್ ಬರೆಯುತ್ತಿದ್ದಾರೆ.

ಹನ್ನೊಂದು ಎಂದು ಬರೆದ ಸಂಚಿ ಕೈಗೆ ಬಂದಾಗ ಮಾತ್ರ ಆ ಕೈ ನಿಲ್ಲುತ್ತದೆ.

"ಹನ್ನೊಂದನೇ ಬೆಡ್ಡಿನವ್ರು ರಾತ್ರಿ ಸಂಚಿ ಕೇಳಿದ್ರಾ?"

"ಇಲ್ಲ ಕುಮುದಕ್ಕ. ಒಳ್ಳೇ ಪೇಷಂಟು. ಒಂದ್ ಸಲಾನೂ ಕರೀಲಿಲ್ಲ," ಎನ್ನುತ್ತಾರೆ ಸ್ವಪ್ನಾ.

ಕುಮುದಾ ಸಂಚಿಯನ್ನು ಟ್ರೇಗೆ ಹಾಕುವುದಿಲ್ಲ. ಕೈಯಲ್ಲೇ ಹಿಡಿದುಕೊಂಡು ವಾರ್ಡಿನೊಳಗೆ ನಡೆಯುತ್ತಾರೆ.

ಕುಮುದಾ ಅವರಿಗೆ ಈಗ ನಲವತ್ತೊಂದು. ಹುಟ್ಟಿದ್ದು ಕೋಣಂದೂರಿನಲ್ಲಿ, ಸಂತೆಯ ದಿನ ಮಂಡಕ್ಕಿ ಮಾರುತ್ತಿದ್ದ ಮನೆಯಲ್ಲಿ. ಶಿವಮೊಗ್ಗದಲ್ಲಿ ಮೂರು ವರ್ಷ ನರ್ಸಿಂಗ್ ಓದಿ, ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿ, ಮದುವೆಯಾಗಿ ಸಾಗರಕ್ಕೆ ಬಂದರು. ಗಂಡ ಕಾಂತರಾಜ್ ಕೆಳದಿ ರಸ್ತೆಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಹದಿನೇಳು ವರ್ಷದಿಂದ ಕುಮುದಾ ಇದೇ ವಾರ್ಡಿನಲ್ಲಿದ್ದಾರೆ. ಇಪ್ಪತ್ತನಾಲ್ಕು ಹಾಸಿಗೆ. ಎಡಗಡೆ ಜ್ವರ, ಸಕ್ಕರೆ ಕಾಯಿಲೆ, ಉಬ್ಬಸದವರು. ಬಲಗಡೆ ಆಪರೇಷನ್ ಆದವರು. ಸಾಗರದವರಲ್ಲದೆ ಹೊಸನಗರ, ತೀರ್ಥಹಳ್ಳಿ ಕಡೆಯವರೂ ಬರುತ್ತಾರೆ. ಬೆಳಗಿನ ಪಾಳಿಗೆ ಇಬ್ಬರು ನರ್ಸ್, ಒಬ್ಬರು ಆಯಾ. ಒಂಬತ್ತು ಗಂಟೆಯೊಳಗೆ ಇಪ್ಪತ್ತನಾಲ್ಕು ಜನರ ಬಿಪಿ, ನಾಡಿ, ಜ್ವರ ನೋಡಿ ಬರೆದಿರಬೇಕು. ಹತ್ತೊಂಬತ್ತೋ ಇಪ್ಪತ್ತೋ ಇಂಜೆಕ್ಷನ್, ಆರೇಳು ಡ್ರೆಸ್ಸಿಂಗ್, ಡ್ರಿಪ್ ಬದಲಿಸುವುದಕ್ಕೆ ಲೆಕ್ಕವಿಲ್ಲ. ನಡುವೆ ಇವರನ್ನು ಮಗ್ಗುಲು ತಿರುಗಿಸಬೇಕು, ಅವರನ್ನು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಬೇಕು.

ಇದೆಲ್ಲ ಕಲಿತು ಮಾಡುವ ಕೆಲಸ. ಕುಮುದಾ ಅವರಿಗೆ ಕಷ್ಟ ಎನಿಸುವುದು ಇನ್ನೊಂದು: ಈ ಸೀಮೆಯ ಜನ ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಗಿದ್ದೀರಿ ಎಂದರೆ "ಅಡ್ಡಿಲ್ಲ". ನಿದ್ದೆ ಬಂತಾ ಎಂದರೆ "ಅಡ್ಡಿಲ್ಲ". ಮುರಿದ ಕಾಲಿಗೆ ಕಂಬಿ ಹಾಕಿಸಿಕೊಂಡು ಮಲಗಿದವರೂ "ಅಡ್ಡಿಲ್ಲ, ನಿಂದು ತಿಂಡಿ ಆಯ್ತಾ?" ಎಂದು ತಿರುಗಿ ಕೇಳುತ್ತಾರೆ. ಗೋಡೆಯ ಮೇಲೆ ನಗುವ ಮುಖದಿಂದ ಅಳುವ ಮುಖದವರೆಗೆ ಚಿತ್ರ ಬರೆದ ಹಾಳೆಯಿದೆ. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಎಷ್ಟು ಅಂಕ ಎಂದು ರೋಗಿಯೇ ಹೇಳಬೇಕು.

"ಒಬ್ಬಜ್ಜ ಕೇಳಿದ್ರು, ಪಾಸಾಗೋಕೆ ಎಷ್ಟು ಬೇಕಮ್ಮ ಅಂತ," ಎಂದು ನಗುತ್ತಾರೆ ಕುಮುದಾ. "ಮೂರೂವರೆ ಅಂದೆ. ಹಂಗಾರೆ ನಾಲ್ಕು ಬರ್ಕೊ ಅಂದ್ರು."

ಟ್ರೇಯ ಸಂಚಿಗಳ ಕಥೆಯ ಹಿಂದೆ ಮಾತ್ರ ನಗುವಂಥದ್ದೇನೂ ಇಲ್ಲ. ಕೆಲಸಕ್ಕೆ ಸೇರಿದ ಮೂರನೇ ವರ್ಷ. ಹೂವಮ್ಮ ಎಂಬ ಹೆಂಗಸು ಹೊಟ್ಟೆನೋವೆಂದು ಸೇರಿದ್ದರು. ಕೋಣಂದೂರಿನ ಕಡೆಯವರೇ ಆದ್ದರಿಂದ ಮಾತು ಹೆಚ್ಚು. ಎರಡು ದಿನವೂ ಕುಮುದಾ ಕೇಳಿದರು, ಎರಡು ದಿನವೂ ಅವರು "ಅಡ್ಡಿಲ್ಲ ತಂಗಿ" ಎಂದರು. ಕುಮುದಾ ಕೇಸ್ ಶೀಟಿನಲ್ಲಿ ತೊಂದರೆಯಿಲ್ಲ ಎಂದು ಬರೆದರು. ಎರಡನೇ ದಿನ ಮಧ್ಯಾಹ್ನ ಹೂವಮ್ಮನ ಹೊಟ್ಟೆಯೊಳಗಿನ ಹುಣ್ಣು ಒಡೆಯಿತು. ಶಿವಮೊಗ್ಗ ಮುಟ್ಟುವ ಮೊದಲೇ ಹೋಗಿಬಿಟ್ಟರು.

"ಹಾಸಿಗೆ ತೆಗೆಯೋವಾಗ ದಿಂಬಿನ ಕೆಳಗೆ ಸಂಚಿ ಸಿಕ್ತು. ಮಗಳು ತಂದ್ಕೊಟ್ಟ ಎಲೆ ತೊಟ್ಟು ಮುರೀದೆ ಹಂಗೇ ಇತ್ತು. ದಿನಕ್ಕೆ ಎಂಟ್ಹತ್ತು ಸಲ ಎಲೆಅಡಿಕೆ ಕವಳ ಹಾಕೋ ಹೆಂಗ್ಸು, ಎರಡು ದಿನ ಮುಟ್ಟೇ ಇಲ್ಲ. ಆ ದಿಂಬು ದಿನಾ ಸರಿ ಮಾಡ್ತಿದ್ದೋಳು ನಾನೇ."

ಅಂದಿನಿಂದ ವಾರ್ಡಿಗೆ ಯಾರೇ ಸೇರಲಿ, ಕುಮುದಾ ಮೊದಲು ಸಂಚಿ ಕೇಳಿ ಇಸಿದುಕೊಳ್ಳುತ್ತಾರೆ. ಹೊಗೆಸೊಪ್ಪು ಇದ್ದರೆ ಕಸದ ಡಬ್ಬಿಗೆ. ಎಲೆ, ಅಡಿಕೆ, ಸುಣ್ಣ ಟ್ರೇಗೆ. ಮನೆಗೆ ಹೊರಡುವ ದಿನವೇ ಅದು ವಾಪಸ್ಸು. ಬೈಗುಳ ತಿಂದಿದ್ದಾರೆ, ಮೇಲಿನವರಿಂದ "ಇದೇನು ಬೀಡಾ ಅಂಗಡಿಯಾ?" ಎಂದೂ ಕೇಳಿಸಿಕೊಂಡಿದ್ದಾರೆ. "ನಾನು ಕೊಡೋಕೆ ಅಂತ ಇಟ್ಟಿದ್ದಲ್ಲ, ಅವ್ರು ಕೇಳ್ಲಿ ಅಂತ ಇಟ್ಟಿದ್ದು," ಎನ್ನುತ್ತಾರೆ ಅವರು. ಕೇಳಿದರು ಎಂದರೆ ಚೇತರಿಸಿಕೊಳ್ಳುತ್ತಿದ್ದಾರೆ ಎಂದರ್ಥ. ಜಗಳವಾಡಿ ಕೇಳಿದವರು ಇನ್ನೆರಡು ದಿನಕ್ಕೆ ಮನೆಗೆ. ಕೇಳುತ್ತಿದ್ದವರು ಕೇಳುವುದನ್ನು ನಿಲ್ಲಿಸಿದರೆ ಕುಮುದಾ ಹೋಗಿ ಅವರ ಹಾಸಿಗೆಯ ಬಳಿ ನಿಲ್ಲುತ್ತಾರೆ. ಎಲೆ ಹಾಕದ ಹುಡುಗರಾದರೆ ಮೊಬೈಲ್ ನೋಡುತ್ತಾರೆ. ರಾತ್ರಿ ಚಾರ್ಜ್ ಮಾಡಿದ್ದು ಬೆಳಗ್ಗೆಯೂ ಹಾಗೇ ಉಳಿದಿದ್ದರೆ ಅವರ ನಾಡಿಯನ್ನು ಎರಡನೇ ಸಲ ಹಿಡಿಯುತ್ತಾರೆ.

ಹನ್ನೊಂದನೇ ಬೆಡ್ಡಿನಲ್ಲಿರುವವರು ದುಗ್ಗಪ್ಪ. ಐವತ್ತೆಂಟರ ಆಸುಪಾಸು. ಲಿಂಗನಮಕ್ಕಿ ಹಿನ್ನೀರಿನಲ್ಲಿ ಬಲೆ ಹಾಕಿ ಮೀನು ಹಿಡಿಯುವವರು. ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡು, ಎರಡು ದಿನ ಮನೆಯಲ್ಲೇ "ಅಡ್ಡಿಲ್ಲ" ಎಂದುಕೊಂಡು ಕೂತು, ಆಮೇಲೆ ಬಂದಿದ್ದಾರೆ. ಕೊಳೆತ ಒಂದು ಗೇಣು ಕರುಳನ್ನು ಕತ್ತರಿಸಿ ಹೊಲಿದು ಇಂದಿಗೆ ನಾಲ್ಕನೇ ದಿನ. ನಿನ್ನೆ ಅವರು ಎರಡು ಸಲ ಸಂಚಿ ಕೇಳಿದ್ದರು. ಒಂದು ಸಲ ತಾವೇ, ಇನ್ನೊಂದು ಸಲ ಹೆಂಡತಿ ಹಾಲಮ್ಮನನ್ನು ರಾಯಭಾರಕ್ಕೆ ಕಳಿಸಿ.

"ದುಗ್ಗಪ್ಪಣ್ಣ, ರಾತ್ರಿ ಯಾವ ಮಗ್ಗುಲಿಗೆ ಮಲಗಿದ್ರಿ?"

"ಹಿಂಗೇಯ."

"ಮಗ್ಗುಲು ಹೊಳ್ಳಿಲ್ವಾ?"

"ಇಲ್ರ."

"ನೋವಾ?"

"ಅಡ್ಡಿಲ್ಲ ಅಮ್ಮ."

ಕುಮುದಾ ಸಂಚಿಯನ್ನು ಅವರ ಕಣ್ಣೆದುರು ಹಿಡಿಯುತ್ತಾರೆ. "ನಿಮ್ಮ ಸಂಚಿ ನೋಡಿ. ಎಲೆ ಬಾಡ್ತಾ ಇದೆ."

ದುಗ್ಗಪ್ಪ ಅದನ್ನೊಮ್ಮೆ ನೋಡಿ ಕಣ್ಣು ಮುಚ್ಚುತ್ತಾರೆ. "ಇರ್ಲಿ ಬಿಡಿ."

ಮಂಚದ ಕೆಳಗೆ ಚಾಪೆ ಸುತ್ತುತ್ತಿದ್ದ ಹಾಲಮ್ಮನಿಗೆ ನಗು ತಡೆಯುವುದಿಲ್ಲ. "ಬ್ಯಾಡ ಅಂದ್ರಲ್ಲ! ಮದುವಿ ಆದಾಗಿಂದ ಇದೇ ಮೊದ್ಲು. ನಿಮ್ಮ ಆಸ್ಪತ್ರೆ ಅಡ್ಡಿಲ್ಲ ಕಣಮ್ಮ, ಚಟಾನೂ ಬಿಡಿಸ್ತು."

ಕುಮುದಾ ನಗುವುದಿಲ್ಲ. ನಾಡಿ ಹಿಡಿಯುತ್ತಾರೆ. ನಿಮಿಷಕ್ಕೆ ನೂರಾ ಎಂಟು. ನಿನ್ನೆ ಎಂಬತ್ತಾರಿತ್ತು. ಜ್ವರ ತೊಂಬತ್ತೊಂಬತ್ತೂವರೆ. ಬಿಪಿ ಸರಿಯಾಗಿದೆ. ಹೊಟ್ಟೆಯ ಮೇಲೆ ಅಂಗೈ ಇಡುತ್ತಾರೆ. ನಿನ್ನೆಗಿಂತ ಬಿಗಿ ಎಂದು ಕೈ ಹೇಳುತ್ತದೆ. ಹಾಳೆಯಲ್ಲಿ ಬರೆಯಲು ಅದು ಸಾಲುವುದಿಲ್ಲ. ಫೋನ್ ಎತ್ತುತ್ತಾರೆ. ಸರ್ಜನ್ ಮಧುಸೂದನ ಇನ್ನೂ ಮನೆಯಲ್ಲಿದ್ದಾರೆ. ಅವರು ರೌಂಡ್ಸಿಗೆ ಬರುವುದು ಹತ್ತೂವರೆಗೆ.

"ಪಲ್ಸ್ ಸ್ವಲ್ಪ ಜಾಸ್ತಿ, ಅಷ್ಟೇ ತಾನೇ? ನೋವು ಎಷ್ಟು ಅಂತಾರೆ?"

"ಅಡ್ಡಿಲ್ಲ ಅಂತಾರೆ ಸರ್."

"ಮತ್ತೇನು ಸಿಸ್ಟರ್? ರೌಂಡ್ಸಿಗೆ ಬಂದಾಗ ನೋಡ್ತೀನಿ."

"ಸರ್, ನಿನ್ನೆ ಎರಡು ಸಲ ಸಂಚಿ ಕೇಳಿದ್ರು. ಇವತ್ತು ನಾನೇ ತೋರಿಸಿದ್ರೂ ಬೇಡ ಅಂದ್ರು."

"ಇದನ್ನ ಕೇಸ್ ಶೀಟಲ್ಲಿ ಎಲ್ಲಿ ಬರೀತೀರಿ?"

"ಬರಿಯೋಕೆ ಜಾಗ ಇಲ್ಲ ಸರ್. ಅದಕ್ಕೇ ಫೋನ್ ಮಾಡಿದ್ದು."

"ಬಂದೆ. ಬಾಯಿಗೆ ನೀರೂ ಕೊಡ್ಬೇಡಿ."

ಡಾಕ್ಟರು ಬರುವ ತನಕ ಇಪ್ಪತ್ತಮೂರು ಜನ ಕಾಯುವುದಿಲ್ಲ. ಕುಮುದಾ ಬಿಪಿ ಯಂತ್ರ ತಳ್ಳಿಕೊಂಡು ಹೊರಡುತ್ತಾರೆ, ಪ್ರತಿ ಎರಡು ಹಾಸಿಗೆಗೊಮ್ಮೆ ಹಿಂತಿರುಗಿ ಹನ್ನೊಂದನ್ನು ನೋಡುತ್ತಾರೆ. ನಾಲ್ಕನೇ ಬೆಡ್ಡಿನ ಮುಕುಂದಯ್ಯನವರು ಆಗಲೇ ಎದ್ದು ಕೂತಿದ್ದಾರೆ. ನ್ಯುಮೋನಿಯಾ ಆಗಿ ಬಂದವರು.

"ಸಂಚಿ ಕೊಡೇ ಮಾರಾಯ್ತಿ. ಬಾಯೆಲ್ಲ ಸಪ್ಪೆ ಆಗೋಜು."

"ಇಲ್ಲ."

"ಒಂದೇ ಒಂದು ಹೋಳು. ಯಾರಿಗೂ ಹೇಳ್ತಿಲ್ಲೆ."

"ಮನೆಗೆ ಹೋಗಿ ಗೋಟಡಿಕೆ ಇಡಿಯಾಗೇ ಅಗೀರಿ. ಇಲ್ಲಿ ಆಗೋದಿಲ್ಲ."

"ನಿನ್ನ ಗಂಡಂಗೆ ಎಂತ ಊಟ ಹಾಕ್ತ್ಯೇನ ಮಾರಾಯ್ತಿ, ಪಾಪ," ಎಂದು ಮುಕುಂದಯ್ಯ ಮುಸುಕು ಎಳೆಯುತ್ತಾರೆ. ಅವರಿಗೆ ನಾಳೆ ಡಿಸ್ಚಾರ್ಜ್ ಆಗಬಹುದು ಎಂದು ಕುಮುದಾ ಅಲ್ಲೇ ಆಯಾಗೆ ಹೇಳುತ್ತಾರೆ.

ಎಂಟೂಕಾಲಿಗೆ ಡಾಕ್ಟರು ಬಂದು ದುಗ್ಗಪ್ಪನವರ ಹೊಟ್ಟೆ ಒತ್ತುತ್ತಾರೆ. ದುಗ್ಗಪ್ಪ ತುಟಿ ಬಿಚ್ಚುವುದಿಲ್ಲ. ಹೊದಿಕೆಯ ಆಚೆ ಕಾಣುತ್ತಿದ್ದ ಎರಡೂ ಕಾಲಿನ ಬೆರಳುಗಳು ಮಾತ್ರ ಒಳಕ್ಕೆ ಮಡಚಿಕೊಳ್ಳುತ್ತವೆ. ಕುಮುದಾ ಕಾಲಿನ ಕಡೆಗೇ ನಿಂತಿದ್ದಾರೆ. ಡಾಕ್ಟರು ಕುಮುದಾ ಮುಖ ನೋಡುತ್ತಾರೆ, ಅವರು ಬೆರಳುಗಳನ್ನು ತೋರಿಸುತ್ತಾರೆ.

"ನೋವಾಯ್ತಾ?" ಎಂದು ಡಾಕ್ಟರು ಕೇಳುತ್ತಾರೆ.

"ಒಂಚೂರು."

ಒಂಬತ್ತಕ್ಕೆ ಸ್ಕ್ಯಾನಿಂಗ್. ಹತ್ತೂವರೆಗೆ ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ಹಾಲಮ್ಮ ಹೊರಗಿನ ಬೆಂಚಿನ ಮೇಲೆ ಕೂತಿದ್ದಾರೆ. ಕುಮುದಾ ಡ್ರೆಸ್ಸಿಂಗ್ ಟ್ರಾಲಿ ತಳ್ಳಿಕೊಂಡು ಆ ದಾರಿಯಲ್ಲಿ ಹೋಗುವಾಗ ಸೆರಗು ಹಿಡಿದು ನಿಲ್ಲಿಸಲು ನೋಡುತ್ತಾರೆ. ಸಮವಸ್ತ್ರಕ್ಕೆ ಸೆರಗಿಲ್ಲ, ತೋಳು ಸಿಗುತ್ತದೆ.

"ನಾ ನಕ್ಕುಬಿಟ್ನಲ್ಲಮ್ಮ."

"ನಗಬಾರ್ದು ಅಂತ ನಿಮಗೇನು ಗೊತ್ತು ಹಾಲಮ್ಮ. ಒಂದು ಕಾಲಕ್ಕೆ ನಂಗೂ ಗೊತ್ತಿರಲಿಲ್ಲ." ಅಷ್ಟು ಹೇಳಿ, ಅರ್ಧ ನಿಮಿಷ ಪಕ್ಕದಲ್ಲಿ ಕೂತು, ಎದ್ದು ಹೋಗುತ್ತಾರೆ. ಇನ್ನೂ ನಾಲ್ಕು ಡ್ರೆಸ್ಸಿಂಗ್ ಬಾಕಿಯಿದೆ.

ಡಾಕ್ಟರು ಹೊರಗೆ ಬಂದಾಗ ಒಂದೂವರೆ. ಟೋಪಿ ತೆಗೆಯುತ್ತ ಕುಮುದಾ ಅವರ ಮೇಜಿನ ಹತ್ತಿರ ನಿಲ್ಲುತ್ತಾರೆ. "ಕರುಳಿನ ಹೊಲಿಗೆ ಒಂದು ಕಡೆ ಬಿಟ್ಟಿತ್ತು. ಈಗಷ್ಟೇ ಸೋರೋಕೆ ಶುರುವಾಗಿತ್ತು. ಸಂಜೆ ಆಗಿದ್ರೆ ಕಷ್ಟ ಇತ್ತು." ದುಗ್ಗಪ್ಪ ಎರಡು ದಿನ ಐಸಿಯುನಲ್ಲಿರಬೇಕು. ಅದನ್ನು ದಾಟಿದರೆ ಭಯವಿಲ್ಲ. ಹೋಗುವ ಮುನ್ನ ಡಾಕ್ಟರು ಟ್ರೇಯೊಳಗೆ ಇಣುಕುತ್ತಾರೆ. ಆಮೇಲೆ ಕೈ ತೊಳೆಯಲು ಹೋಗುತ್ತಾರೆ.

ಹಾಗಾದರೆ ಇವತ್ತು ಒಂದು ಜೀವ ಉಳಿಸಿದಿರಿ ಎಂದರೆ ಕುಮುದಾ ಒಪ್ಪುವುದಿಲ್ಲ. "ಉಳಿಸಿದ್ದು ಡಾಕ್ಟ್ರು. ನಾನು ಫೋನ್ ಮಾಡ್ದೆ, ಅಷ್ಟೇ. ಸಂಚಿ ಇಲ್ದಿದ್ರೆ ಅದೂ ಮಾಡ್ತಿರಲಿಲ್ವೇನೋ." ಮತ್ತೆ ತಾವೇ, "ಎಲ್ಲರೂ ಎಲೆ ಹಾಕೋದಿಲ್ಲ. ಸಂಚಿ ಇಲ್ದೋರ ನೋವು ನಂಗೆ ಎಷ್ಟು ಸಲ ತಪ್ಪಿ ಹೋಗಿದ್ಯೋ," ಎನ್ನುತ್ತಾರೆ.

ಎರಡು ಗಂಟೆಗೆ ಮಧ್ಯಾಹ್ನದ ಪಾಳಿಯ ತನುಜಾ ಬರುತ್ತಾರೆ. ಇಬ್ಬರೂ ಒಂದೊಂದೇ ಹಾಸಿಗೆಯ ಬಳಿ ನಿಂತು ಸಾಗುತ್ತಾರೆ. ಯಾರ ಡ್ರಿಪ್ ಎಷ್ಟು ಉಳಿದಿದೆ, ಯಾರಿಗೆ ಯಾವ ಔಷಧಿ, ಯಾರು ಮೂತ್ರಕ್ಕೆ ಹೋಗಿಲ್ಲ. ಕೊನೆಗೆ ಟ್ರೇ. ಹನ್ನೊಂದನೇ ಸಂಚಿಯನ್ನು ಕುಮುದಾ ಮುಂದಿನ ಸಾಲಿಗೆ ಇಡುತ್ತಾರೆ. "ಐಸಿಯುನಿಂದ ಕೇಳಿ ಕಳಿಸಿದ್ರೆ ಕೊಡ್ಬೇಡ. ಕೇಳಿದ್ರು ಅಂತ ನಂಗೊಂದು ಫೋನ್ ಮಾಡು."

ಬ್ಯಾಗು ಹೆಗಲಿಗೆ ಹಾಕಿಕೊಂಡ ಮೇಲೂ ಅವರು ಮೆಟ್ಟಿಲ ಕಡೆ ಹೋಗುವುದಿಲ್ಲ. ಎಂದಿನಂತೆ ವಾರ್ಡಿನ ನಡುವೆ ಬಂದು ನಿಲ್ಲುತ್ತಾರೆ. ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತಾರೆ.

"ನಾ ಹೊರಟೆ. ಇನ್ನು ನಾಳೆ ಬೆಳಗ್ಗೇನೇ ಬರೋದು. ಯಾರಿಗಾದ್ರೂ ನೋವಿದ್ರೆ ಈಗ್ಲೇ ಹೇಳಿ."

ಮೇಲೆ ಆರು ಫ್ಯಾನು ತಿರುಗುತ್ತಿವೆ. ಮುಕುಂದಯ್ಯ ಕಿಟಕಿಯ ಕಡೆ ನೋಡುತ್ತಾರೆ. ಆಪರೇಷನ್ ಆದ ಸಾಲಿನಲ್ಲಿ ಒಬ್ಬರು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಳ್ಳುತ್ತಾರೆ. ಕುಮುದಾ ಇನ್ನೂ ಸ್ವಲ್ಪ ಹೊತ್ತು ಕಾಯುತ್ತಾರೆ. ಇಪ್ಪತ್ತಮೂರು ಹಾಸಿಗೆಯಲ್ಲಿ ಯಾರೂ ಮಾತಾಡುವುದಿಲ್ಲ.