ಹೆದರಿಸಲು ಕೊಯ್ದ ಮಾರ್ಕು

ನಮ್ಮ ಗಣಿತದ ಟೀಚರ್ ಬಲಗೈಗೆ ಬಳೆ ತೊಡುತ್ತಿರಲಿಲ್ಲ. ಹೊಡೆಯುವಾಗ ಒಡೆದುಹೋಗುತ್ತವಲ್ಲ, ಅದಕ್ಕೆ! ಎಡಗೈ ತುಂಬ ಹಸಿರು ಬಳೆ, ಬಲಗೈಯಲ್ಲಿ ಬರೀ ಬೆತ್ತ. ತಮಿಳು ಸೀಮೆಯ ರಾಯಪುರಂನ ಆ ಶಾಲೆಯಲ್ಲಿ ಅವರ ಏಟು ತಿನ್ನದ ಬೆನ್ನು ಒಂದೂ ಇರಲಿಲ್ಲ. ಉಡುಪಿ ಕಡೆಯವರು, ನಮ್ಮ ಮನೆಮಾತೂ ಕನ್ನಡ ಅಂತ ನನ್ನನ್ನು ಮಾತ್ರ ಕನ್ನಡದಲ್ಲಿ ಬೈಯುತ್ತಿದ್ದರು, ನಾನು ತಮಿಳಿನಲ್ಲಿ ಅಳುತ್ತಿದ್ದೆ.

ಹತ್ತನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆಯ ಪೇಪರುಗಳನ್ನು ಕೊಲ್ಲುವ ಹಾಗೆ ತಿದ್ದುತ್ತಿದ್ದರು. ಒಂದು ಹೆಜ್ಜೆ ಬಿಟ್ಟರೆ ಇಡೀ ಲೆಕ್ಕಕ್ಕೆ ಸೊನ್ನೆ. ಹೆದರಿದರೆ ತಾನೇ ಪಬ್ಲಿಕ್ ಪರೀಕ್ಷೆಗೆ ಓದುವುದು! ನನಗೆ ಬಂದದ್ದು ಇಪ್ಪತ್ತು. "ಇಲ್ಲಿ ಇಪ್ಪತ್ತು ಅಂದ್ರೆ ಅಲ್ಲಿ ನಲವತ್ತು, ಗೊತ್ತಾಯ್ತಾ?" ಅಂದರು. ಮೂವತ್ತೈದಕ್ಕೆ ಪಾಸು. ಅವರ ಅಂದಾಜು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ಆ ವರ್ಷ ಬಂದ ಹೊಸ ಹೆಡ್‌ಮಾಸ್ಟರಿಗೆ ನೂರಕ್ಕೆ ನೂರು ಫಲಿತಾಂಶ ಬೇಕಿತ್ತು. ಇಲ್ಲಿ ಫೇಲಾದವರು ಪಬ್ಲಿಕ್‌ನಲ್ಲೂ ಫೇಲೇ ಅಂತ ತೀರ್ಮಾನಿಸಿ ನನ್ನ ಅಪ್ಪನನ್ನು ಕರೆಸಿದರು. "ಟಿ.ಸಿ. ತಗೊಂಡು ಹೋಗಿ" ಅಂದರು. ಹೋಟೆಲಿನ ಅಡುಗೆಮನೆಯಿಂದ ಬೆವರುತ್ತ ಬಂದಿದ್ದ ಅಪ್ಪ ಅಲ್ಲೇ ವರಾಂಡದಲ್ಲಿ ಬೆಲ್ಟ್ ಬಿಚ್ಚಿ ನನ್ನನ್ನು ಬಡಿದ. ತುಟಿ ಒಡೆದು ಯೂನಿಫಾರ್ಮಿನ ಮೇಲೆಲ್ಲ ರಕ್ತ. ಹೆಡ್‌ಮಾಸ್ಟರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆ ಮುಖ ನೆನೆದರೆ ಇವತ್ತಿಗೂ ಮೈ ಉರಿಯುತ್ತೆ.

ಟೀಚರ್ ಓಡಿಬಂದರು. ಅಪ್ಪನ ಮೊಣಕೈಗೆ ಬಾರಿಸಿದರು ನೋಡಿ, ಬೆಲ್ಟ್ ಕೆಳಗೆ ಬಿತ್ತು. "ಎಂತ ಮಾರಾಯ್ರೆ, ಹೆಣ್ಣುಮಗುವನ್ನು ಕೊಲ್ತೀರಾ?" ಅಷ್ಟಕ್ಕೇ ನಿಲ್ಲಲಿಲ್ಲ. ಒಳಗೆ ನುಗ್ಗಿ ಹೆಡ್‌ಮಾಸ್ಟರ ಮೇಜಿನ ಗಾಜಿಗೆ ಬೆತ್ತ ಬೀಸಿದರು. ಗಾಜು ಪುಡಿಪುಡಿ. ತಮಿಳಿನಲ್ಲಿ ಗುಡುಗಿದರು: "ಆ ಮಾರ್ಕು ನಾನು ಹೆದರಿಸಲಿಕ್ಕೆ ಕೊಯ್ದದ್ದು ಸಾರ್! ಅದನ್ನು ಹಿಡಿದುಕೊಂಡು ಇವಳನ್ನು ಓಡಿಸ್ತೀರಾ? ಇವಳು ಪಾಸಾಗ್ತಾಳೆ. ಆಗದಿದ್ದರೆ ನಾನು ಕೆಲಸ ಬಿಡ್ತೇನೆ."

ನನ್ನನ್ನು ಉಳಿಸಿಕೊಂಡರು. ಆಮೇಲಿನ ನನ್ನ ಪಾಡು ಕೇಳಬೇಡಿ. ದಿನಾ ಸಂಜೆ ಟೀಚರ್ ತಮ್ಮ ಮನೆಯಲ್ಲಿ ಕೂರಿಸಿಕೊಂಡು ಬಡಿದರು, ತುಪ್ಪ ಹಾಕಿ ಗಂಜಿ ಕೊಟ್ಟರು, ಮತ್ತೆ ಬಡಿದರು.

ಫಲಿತಾಂಶ ಬಂತು. ಪಾಸು! ಓಡಿಹೋಗಿ ಹೇಳಿದೆ. ಕೆನ್ನೆಗೆ ಫಟಾರಂತ ಒಂದು ಬಿಟ್ಟರು. "ನಲವತ್ತು ಅಂದಿದ್ದೆ. ಮೂವತ್ತೆಂಟು ಎಂತಕ್ಕೆ ಬಂತು?" ಅಂದವರೇ ನನ್ನನ್ನು ತಬ್ಬಿಕೊಂಡು ಗೋಳೋ ಅಂತ ಅತ್ತರು.

ಹೋದ ವರ್ಷ ಟೀಚರ್ ತೀರಿಕೊಂಡರು. ಆ ಏಟುಗಳನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಆದರೆ ನನಗಾಗಿ ಅನ್ನದ ದಾರಿಯನ್ನೇ ಪಣಕ್ಕಿಟ್ಟವರು ಹೆತ್ತ ಅಪ್ಪನಲ್ಲ, ಅವರು. ಹೆಣದ ಮುಂದೆ ಅವರ ಮಕ್ಕಳಿಗಿಂತ ಜೋರಾಗಿ ಅತ್ತವಳು ನಾನು.