ಕಂದಕದ ಮೇಲೊಂದು ಓರೆ ಸೇತುವೆ

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಾನು ನಕ್ಕು ಮಾತು ಬದಲಿಸುತ್ತಿದ್ದೆ. ಈಗ ನನ್ನದನ್ನೇ ಹೇಳಹೊರಟಿದ್ದೇನೆ. ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಎರಡು ಸಾವಿರದ ದಶಕದ ನಡುಭಾಗ. ಮೈಸೂರಿನಿಂದ ಸಿಡ್ನಿಗೆ ಬಂದು, ಅಲ್ಲಿನ ಚಾಟ್ಸ್‌ವುಡ್ ಬಡಾವಣೆಯ ಸಣ್ಣದೊಂದು ನಕ್ಷೆ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಇನ್ನೂ ಪ್ರೊಬೇಷನ್, ವೀಸಾ ಆ ಕೆಲಸಕ್ಕೇ ಅಂಟಿಕೊಂಡಿತ್ತು. ನಾನೆಂದೂ ಕಾಣದ ಇಂಗ್ಲೆಂಡಿನ ಒಂದು ಹಳೆಯ ಜಮೀನ್ದಾರಿ ಎಸ್ಟೇಟಿನ ವೈಮಾನಿಕ ಚಿತ್ರಗಳನ್ನು ಕಂಪ್ಯೂಟರಿನಲ್ಲಿಟ್ಟುಕೊಂಡು, ಮಧ್ಯಯುಗದ ಮಣ್ಣಿನ ದಿಬ್ಬ, ಕಂದಕಗಳ ಮೇಲೆ ಗೆರೆ ಎಳೆಯುವುದು ನನ್ನ ಕೆಲಸ. ಜಮೀನ್ದಾರನ ಮನೆ ಬಿದ್ದು ಶತಮಾನಗಳಾಗಿದ್ದರೂ ಅದರ ಸುತ್ತ ತೋಡಿದ್ದ ಚೌಕನೆಯ ಕಂದಕ ಹುಲ್ಲಿನ ನಡುವೆ ಚೆನ್ನಾಗಿ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಡಬ್ಬಿಯ ಪುಳಿಯೋಗರೆ ತಿಂದು ಕೂತವನು ಆ ಕಂದಕವನ್ನು ಮುಗಿಸಿ ಕಳಿಸಿದೆ. ಎರಡು ದಿನದ ಮೇಲೆ ಮೆಲ್ಬರ್ನ್ ಆಫೀಸಿನಿಂದ ಫೋನ್ ಬಂತು. ನಮ್ಮ ನಕ್ಷೆಗಳನ್ನು ತಿದ್ದುತ್ತಿದ್ದ ಲವೀನಾ, ಮಂಗಳೂರಿನವರು.

"ಎಂತ ಮಾರಾಯ್ರೆ, ಈ ಸೇತುವೆ ಎಲ್ಲಿಂದ ಬಂತು? ಫೋಟೋದಲ್ಲಿ ಇಲ್ಲವಲ್ಲ. ನಾನೂ ನೋಡದೆ ಇಂಗ್ಲೆಂಡಿಗೆ ಕಳಿಸಿಬಿಟ್ಟೆ."

ತೆರೆದು ನೋಡಿದೆ. ಕಂದಕದ ಉತ್ತರ ಬದಿಯಲ್ಲಿ ಓರೆಯಾಗಿ ಒಂದು ಕಿರಿದಾದ ಸೇತುವೆ. ಗೆರೆ ನನ್ನದೇ. ಎಳೆದ ನೆನಪು ಮಾತ್ರ ಇಲ್ಲ.

"ನಿದ್ದೆಗಣ್ಣಲ್ಲಿ ಎಳೆದಿರ್ಬೇಕು, ಸಾರಿ," ಎಂದೆ. ಇಬ್ಬರೂ ಸೇರಿ ಉದ್ದನೆಯ ಕ್ಷಮಾಪಣೆ ಬರೆದು ಕಳಿಸಿದೆವು. ಆ ಸಂಜೆ ನಾನು ಊರಿನ ವಿಮಾನದ ವೇಳಾಪಟ್ಟಿಯನ್ನೂ ನೋಡಿಟ್ಟುಕೊಂಡೆ.

ಮೂರು ವಾರದ ನಂತರ ಲವೀನಾ ನಗುತ್ತಲೇ ಫೋನ್ ಮಾಡಿದರು. "ಕ್ಷಮೆ ಕೇಳಿದ್ದು ವೇಸ್ಟ್. ಆ ಎಸ್ಟೇಟಿನವ್ರು ಕಂದಕದ ಹೂಳು ತೆಗೀತಾ ಇದ್ರಂತೆ. ಅಲ್ಲೇ ಓಕ್ ಮರದ ಕಂಬಗಳು ಸಿಕ್ಕಿವೆ. ನೀವು ಎಳೆದ ಹಾಗೆಯೇ, ಓರೆಯಾಗಿ. ಯಾವ ಹಳೇ ಮ್ಯಾಪ್ ನೋಡಿದ್ದು ಅಂತ ಕೇಳ್ತಿದ್ದಾರೆ. ಎಂತ ಹೇಳುವುದು?"

ನಾನು ಯಾವ ಮ್ಯಾಪನ್ನೂ ನೋಡಿರಲಿಲ್ಲ. ಅದನ್ನೇ ಬರೆದೆವು; ಅವರು ನಂಬಲಿಲ್ಲವೆಂದು ಕಾಣುತ್ತದೆ. ನನ್ನ ಕೆಲಸವೇನೋ ಖಾಯಂ ಆಯಿತು, ಲವೀನಾ ಮೆಲ್ಬರ್ನಿನಿಂದ ಕೇಕ್ ಕಳಿಸಿದರು. ಜಾಗ ಹೊಂದಿಕೆಯಾದದ್ದು ಕಾಕತಾಳೀಯವೆನ್ನೋಣ. ಓರೆಯೂ ಹೊಂದಿಕೆಯಾದದ್ದಕ್ಕೆ ಏನೆನ್ನಲಿ?

ಆ ಕೇಕ್ ತಿನ್ನುವಾಗ ಪಕ್ಕದ ಸೀಟಿನ ಗೆಳೆಯ ಇನ್ನೊಂದು ಮಾತು ಹೇಳಿದ. ಆ ಮಧ್ಯಾಹ್ನ ನಾನು ಬಹಳ ಖುಷಿಯಿಂದ ಶಿಳ್ಳೆ ಹಾಕುತ್ತ ಗೆರೆ ಎಳೆಯುತ್ತಿದ್ದೆನಂತೆ. ಯಾವುದೋ ಕುಣಿತದ ಧಾಟಿ, ಅವನೂ ಕಾಲು ಕುಣಿಸಿದ್ದನಂತೆ.

ನನಗೆ ಶಿಳ್ಳೆ ಹಾಕಲು ಬರುವುದಿಲ್ಲ. ಆಮೇಲೆ ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಬರೀ ಗಾಳಿ ಬರುತ್ತದೆ.